ತಪ್ಪು ಗಂಧಾರ

ಬೆಟಗೇರಿ ಬ್ಯಾಂಡ್ ಕಂಪನಿ ಖಾದರಸಾಬನ ಮೊಮ್ಮಗಳು ನಸೀಮಾ
ವೇಲಿನ್ಯಾಗ ಸುತ್ತಿಕೊಂಡು ತಂದ್ಲು,
ಮೊಳ ಉದ್ದದ್ದು, ಇಪ್ಪತ್ತೈದು ಮನಿದು.
'ಮೋನಪ್ಪಜ್ಜಾ, ಇದರ ಮಧ್ಯಮ ಒತ್ತಿದ್ರ
ಮ್ಯಾಲ ಏಳವಲ್ದು.'

ಗದಗ ಸ್ಟೇಶನ್ ರಸ್ತೆದಾಗ
ನಲವತ್ತೊಂದು ವರ್ಷ ಪೇಟಿ ಬಿಚ್ಚೇನಿ.
ಇದನ್ನೂ ಬಿಚ್ಚಿದೆ.
ರೀಡಿಲ್ಲ. ತಿದಿ ಇಲ್ಲ.
ಪೇಟಿ ಅಂದ ಮ್ಯಾಲ ಇರಬೇಕಾದ ಜಿರಳಿ ತತ್ತಿನೂ ಇಲ್ಲ.
ಒಂದು ಹಸಿರು ಹಲಗಿ, ಅದರ ಮ್ಯಾಲ ಬೆಸುಗಿ ಚುಕ್ಕಿ.
'ಸ್ವರ ಎಲ್ಲಿಟ್ಟಾರವಾ?'
'ಇದರಾಗಿಲ್ಲಜ್ಜ. ಇದು ಬರೇ ಹೇಳತೈತಿ:
ಯಾವ ಮನಿ, ಎಷ್ಟು ಜೋರು, ಎಷ್ಟೊತ್ತು.
ಹಾಡೂದು ಲ್ಯಾಪ್‌ಟಾಪು.'

ತಂತಿ ಮಾಸ್ತರ ಅನ್ನು ಹಂಗಾರ, ಅಂದೆ.
ಸತ್ತ ಸುದ್ದಿಗೂ ಹುಟ್ಟಿದ ಸುದ್ದಿಗೂ
ಅದ ಕಟಕಟ.

ಮಧ್ಯಮದ ಬುಡಕ ಸಿಕ್ಕಿತ್ತು
ಗಿರ್ಮಿಟ್ಟಿನ ಒಂದು ಪುಟಾಣಿ ಸಿಪ್ಪಿ.
ಸೋತ ಸ್ಪ್ರಿಂಗ್ ತಗದು
ಪೇಟಿದ ತಂತಿ ಸುತ್ತಿ ಕೂಡಿಸಿದೆ.
ಎದ್ದಿತು.

ಆಮ್ಯಾಲ ಆಕಿ ತೋರಿಸಾಕ ಹತ್ತಿದ್ಲು, ನಾ ನೋಡಾಕ.
ಇರೂವು ಎರಡ ಸಪ್ತಕ. ಗುಂಡಿ ಒತ್ತಿದ್ರ
ಮನಿ ಅಲ್ಲೇ ಇರತಾವ, ಊರ ಏರತೈತಿ.
ಇನ್ನೊಂದು ಗುಂಡಿ: ಕರಿ ಎರಡರ ಹಾಡುಗಾರ್ತಿ ಹೋಗಿ
ಬಿಳಿ ನಾಕರವ ಬಂದ್ರೂ ಬೆರಳು ಜಾಗಾ ಬಿಡಬೇಕಿಲ್ಲ.
ಎಂಟು ರಬ್ಬರ ಚೌಕ, ಬಡದ್ರ ಒಳಗ ದೀಪ.
ಮದುವಿ ಮುಂದ ಇಬ್ಬರು ಹೊರತಿದ್ದ
ಖಾದರಸಾಬನ ಢೋಲು ಈಗ ಬಿಸ್ಕೀಟಿನಷ್ಟು.
ತಿರುಗಣಿ ಎಂಟು. ಅವಕ್ಕ ಹೆಸರಿಲ್ಲ,
ದಿನಗೂಲಿಯವರ ಹಂಗ, ಕೊಟ್ಟ ಕೆಲಸ ಮಾಡತಾವಂತ.

ಎಡಕ್ಕ ಎರಡು ಗಾಲಿ.
'ಇದನ್ನ ಹೊಳ್ಳಸ್ರಿ' ಅಂದ್ಲು.

ಗವಾಯಿಗಳು ಎಲ್ಲಾರೂ ನನ್ನ ಬೈದದ್ದು ಇದ ಒಂದಕ್ಕ:
ನಿನ್ನ ಪೇಟಿ ಮೆಟ್ಟಲೋ ಮೋನಪ್ಪ, ಇಳಿಜಾರಲ್ಲ,
ಅದಕ್ಕ ಮೀಂಡ್ ಎಲ್ಲಿಂದ ಬರಬೇಕು.
ಹೆಬ್ಬೆಟ್ಟಿಲೆ ಕೆಳಗ ಎಳದೆ.
ಗಂಧಾರ ರಿಷಭಕ್ಕ ಬಂತು
ಕುಸುಬಿ ಎಣ್ಣಿ ಲಾಳಿಕಿಯೊಳಗ ಇಳಧಂಗ,
ನಡುವ ಎಲ್ಲೂ ಹರೀಲಿಲ್ಲ.
ಅರವತ್ತೆಂಟನೇ ವಯಸ್ಸಿನ್ಯಾಗ!
ಕೈ ಬಿಟ್ಟೆ. ಗಾಲಿ ತಾನ ನಡಕ್ಕ ಹೋಗಿ ನಿಂತಿತು
ಏನೂ ಆಗೇ ಇಲ್ಲ ಅನ್ನೂಹಂಗ.
ಬಾಜೂದ್ದಕ್ಕ ಆ ಬುದ್ಧಿ ಇಲ್ಲ,
ಬಿಟ್ಟಲ್ಲೇ ಕುಂದರತೈತಿ. ಅದು ನನ್ನ ಪೈಕಿ.

ಕೂಲಿ ಬ್ಯಾಡ ಅಂದೆ.
'ಹಂಗಾರ ಆ ಮೂಲ್ಯಾಗಿನ ಹಳೇ ಪೇಟಿದು
ಒಂದೊಂದ ಸ್ವರ ಕೊಡ್ರಿ' ಅಂದು
ಶಟರ್ ಇಳಿಸಿ, ಫ್ಯಾನ್ ಬಂದ್ ಮಾಡಿ
ಮೈಕ್ ಇಟ್ಲು.
ಮೆತ್ತಗೊಮ್ಮೆ, ಜೋರೊಮ್ಮೆ,
ಬಸ್ಸು ಹಾರ್ನ್ ಹೊಡದ್ರ ಮತ್ತೊಮ್ಮೆ.
ಬೆವತು ಹೋದೆ ಒಂದ ಸ್ವರ ಹಿಡದು ಕುಂತು.
ತಿದಿ ಸೋರೂ ಸಪ್ಪಳನೂ ಬೇಕಂತ ಆಕಿಗೆ.
ನಡುವಿನ ಗಂಧಾರ ಒಂದು ಕೂದಲಷ್ಟು ಕೆಳಗಿತ್ತು.
'ತಡಿಯವಾ, ಇದನ್ನ ತಿದ್ದತೇನಿ.'
'ಬ್ಯಾಡಜ್ಜ, ಬ್ಯಾಟರಿ ಹೋಗೂದ್ರಾಗ ಮುಗಸೂಣು.'

ಆ ರಾತ್ರಿ ನಿದ್ದಿ ಬರಲಿಲ್ಲ.
ಎದ್ದು ಬಂದು ಅಂಗಡಿ ತಗದು
ಹಿತ್ತಾಳಿ ನಾಲಿಗಿ ತುದಿ ಕೆರೆದು, ಊದಿ, ಮತ್ತ ಕೆರೆದು
ಗಂಧಾರ ಸರಿ ಮಾಡಿದೆ.
ಪೇಟಿಗೆ ಸರಿ ಆತು.

ಮಾಘದಾಗ ಬೆಟಗೇರಿಗೆ ಮದುವಿಗೆ ಹೋದ್ರ
ಮಂಟಪದ ಬಾಜೂಕ ನಸೀಮಾ.
ಸ್ಪೀಕರಿನ್ಯಾಗ ನನ್ನ ಪೇಟಿ,
ಅದರ ಉಬ್ಬಸ, ಮನಿ ಮ್ಯಾಲ ನನ್ನ ಉಗುರು ತಾಗಿದ ಟಕ್ಕು.
ಮತ್ತ ಆ ಗಂಧಾರ,
ಅಂಗಡ್ಯಾಗ ಇಲ್ಲದ್ದು,
ಇಲ್ಲಿ ಊರ ಮಂದಿ ಮುಂದ
ಒಂದು ಕೂದಲಷ್ಟು ಕೆಳಗ.
'ಏನು ಹಳೇ ದನಿರಿ, ಮೈ ಜುಮ್ ಅಂತೈತಿ'
ಅಂದ ಬಾಜೂ ಕುಂತಾವ, ಹೋಳಿಗಿ ಮುರಕೊಂತ.
ಹೂಂ ಅಂದೆ.

ಬಲಗೈಯಾಗ ತುತ್ತು.
ಎಡಗೈ ಹೆಬ್ಬೆಟ್ಟು ಬಾಳಿಎಲಿ ಅಂಚಿನ್ಯಾಗ
ಇಲ್ಲದ ಗಾಲಿನ್ನ
ಒಂದೀಟ, ಒಂದ ಒಂದೀಟ
ಮ್ಯಾಲ ನೂಕತಿತ್ತು.